ಇದೊಂದೇ ಬಸ್ಸು

ಐದು ವರ್ಷದಲ್ಲಿ ಐದು ಸ್ಟೀಲ್ ಡಬ್ಬಿ. ಹಳೆಯ ಬಸ್ಸುಗಳ ರ್‍ಯಾಲಿಯಲ್ಲಿ ರಘೂತ್ತಮ ಮಾಸ್ತರರು ಗಳಿಸಿದ್ದು ಇಷ್ಟೇ. ಪ್ರತಿ ಚಳಿಗಾಲ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಎದುರಿನಿಂದ ಕಮಲಾಪುರದವರೆಗೆ ಹನ್ನೊಂದು ಮುದಿ ಬಸ್ಸುಗಳು ಕೆಮ್ಮುತ್ತ ಹೋಗುತ್ತಿದ್ದವು. ಮೊದಲ ಬಹುಮಾನದ ಹಿತ್ತಾಳೆ ಗಂಟೆ ದಾಲ್ ಮಿಲ್ಲಿನ ದೇವೀಂದ್ರಪ್ಪನಿಗೆ, ಸಮಾಧಾನಕರ ಬಹುಮಾನದ ಡಬ್ಬಿ ಮಾಸ್ತರರಿಗೆ. ದೇವೀಂದ್ರಪ್ಪನ ಬಸ್ಸಿಗೆ ಮುಖ ನೋಡಿಕೊಳ್ಳುವಷ್ಟು ಹೊಳಪು, ಒಳಗೆ ಮಖಮಲ್ಲಿನ ಸೀಟು. ಚಿತ್ರಕಲಾ ಮಾಸ್ತರರ ಪಿಂಚಣಿಯಲ್ಲಿ ಅದೆಲ್ಲ ಎಲ್ಲಿಂದ ಬರಬೇಕು?

ಹೆಂಡತಿ ಪದ್ಮಜಾಬಾಯಿ ಇಷ್ಟು ದಿನ ತಾಳಿಕೊಂಡಿದ್ದೇ ದೊಡ್ಡದು. ಜೇವರ್ಗಿ ಕಾಲೋನಿಯ ಮನೆ ಮುಂದೆ ಆ ಬಸ್ಸು ನಿಂತು, ಪಡಸಾಲೆಗೆ ಹಗಲಲ್ಲೂ ದೀಪ ಹಾಕಬೇಕಾಗಿತ್ತು.

"ನೋಡ್ರಿ, ಈ ಸಲಾನೂ ಡಬ್ಬಿ ತಂದ್ರಿ ಅಂದ್ರ ಮರುದಿನಾನೇ ಗುಜರಿಯವಗ ಫೋನ್ ಮಾಡ್ತೀನಿ. ಬಸ್ಸರ ಇರಬೇಕು, ಇಲ್ಲಾ ನಾನರ ಇರಬೇಕು."

"ಅದು ಬರೀ ಬಸ್ಸಲ್ಲ, ಪದ್ಮಾ..."

"ಮತ್ತೇನ್ರಿ, ನಿಮ್ಮ ಮಗಳೇನು?"

ಹೌದು ಅನ್ನಬೇಕೆನಿಸಿತು. ಮಾಸ್ತರರು ಹೊರಗೆ ಬಂದು ಬಸ್ಸಿನ ಮೂತಿ ಸವರಿದರು. ಇದನ್ನು ಕತ್ತರಿಸಿ ತೂಕಕ್ಕೆ ಹಾಕುವುದೆಂದರೇನು! ಮೂವತ್ತೈದು ವರ್ಷ ಮಕ್ಕಳಿಗೆ ಗೆರೆ ಎಳೆಯಲು ಕಲಿಸಿದ ಆ ಸಾತ್ವಿಕ ಮನುಷ್ಯ, ಅಂದು ಅಲ್ಲೇ ನಿಂತು ಮೋಸ ಮಾಡಲು ನಿರ್ಧರಿಸಿದರು.

ದಾರಿ ತಾನಾಗಿ ತೆರೆಯಿತು. ರ್‍ಯಾಲಿಯ ಅಧ್ಯಕ್ಷ, ನಿವೃತ್ತ ಮೆಕ್ಯಾನಿಕ್ ಬುರ್ಹಾನುದ್ದೀನ್ ಸಾಹೇಬರು ಎಲ್ಲ ಮಾಲೀಕರನ್ನು ಕರೆದು, "ರ್‍ಯಾಲಿ ಸುಧಾರಣಾ ಆಗಬೇಕು, ಸಲಹಾ ಕೊಡ್ರಿ" ಎಂದರು. ಒಬ್ಬ ಕುಡಿಯುವ ನೀರು ಬೇಕೆಂದ, ಇನ್ನೊಬ್ಬ ನೆರಳಿಗೆ ಪೆಂಡಾಲು ಬೇಕೆಂದ. ಮಾಸ್ತರರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಬಣ್ಣಕ್ಕ, ಸೀಟಿಗಿ ಅಂಕ ಕೊಡ್ತೀರಿ. ಬಸ್ಸಿನ ಚರಿತ್ರಾಕ್ಕ ಏನೂ ಇಲ್ಲೇನ್ರಿ? ಅದು ಯಾವ ದಾರ್‍ಯಾಗ ಓಡ್ಯಾದ, ಯಾರನ್ನ ಹೊತ್ತದ? ನೂರರಾಗ ಐವತ್ತು ಅಂಕ ಅದಕ್ಕ ಇಡ್ರಿ."

"ವಾಹ್, ಮಾಸ್ತರ!" ಎಂದರು ಅಧ್ಯಕ್ಷರು. ತಮ್ಮ ಸಲಹೆಯನ್ನೂ ಸೇರಿಸಿದರು: ಕಮಲಾಪುರದಲ್ಲಿ ಊರವರ ಕೈಗೂ ಮೈಕ್ ಕೊಡಬೇಕು, ಜನ ಸುಮ್ಮನೆ ನೋಡಿ ಹೋಗಬಾರದು. ಅದಕ್ಕೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಮಾಸ್ತರರೇ.

ಖರೆ ಹೇಳಬೇಕೆಂದರೆ ಅವರ ಬಸ್ಸಿಗೆ ಚರಿತ್ರೆಯೇ ಇರಲಿಲ್ಲ. ಅದು ಹುಟ್ಟಿದಾಗಿನಿಂದ ಒಂದು ಸಿಮೆಂಟ್ ಕಾರ್ಖಾನೆಯ ಕಂಪೌಂಡಿನೊಳಗೆ ಕೂಲಿಯವರನ್ನು ಗೇಟಿನಿಂದ ಗಣಿಗೆ, ಗಣಿಯಿಂದ ಗೇಟಿಗೆ ಸಾಗಿಸಿತ್ತು, ಅಷ್ಟೇ. ಕಾರ್ಖಾನೆ ಮುಚ್ಚಿ, ಅಲ್ಲಿನ ಜನ ದಿಕ್ಕಾಪಾಲಾಗಿ ಯಾವ ಕಾಲವಾಯಿತೋ. ಆ ಸಂಗತಿ ಹೇಳುವುದು ಒಂದೇ ಒಂದು ಹಳೆಯ ಕಾಗದ. ಮಾಸ್ತರರು ಅದನ್ನು ಬಚ್ಚಲಿನ ಒಲೆಗೆ ಹಾಕಿದರು. ಸಾಕ್ಷಿಯನ್ನು ಬಚ್ಚಿಡುವವನು ಹೆಡ್ಡ, ಸುಡುವವನು ಜಾಣ ಎಂದುಕೊಂಡರು.

ಆಮೇಲೆ ಕುಶಲ ಕೆಲಸ. ತಗಡಿನ ಬೋರ್ಡು ಕತ್ತರಿಸಿ, ಊರಿನ ಆಗಿನ ಹೆಸರೇ ಇರಲೆಂದು 'ಗುಲಬರ್ಗಾ – ಕಮಲಾಪುರ' ಎಂದು ಬರೆದರು. ಈಗಿನ ಹೆಸರು ಬರೆದು ಸಿಕ್ಕಿಬೀಳುವ ದಡ್ಡರು ಬೇರೆ! ಬೋರ್ಡನ್ನು ಎರಡು ವಾರ ಉಪ್ಪುನೀರಿನಲ್ಲಿಟ್ಟು ತುಕ್ಕು ಹಿಡಿಸಿದರು. ಅದರ ಜೊತೆಗೆ ಡ್ರೈವರನ ದಿನಚರಿಯೊಂದನ್ನು ಹುಟ್ಟಿಸಿದರು. ಹಳೆಯ ನೋಟುಬುಕ್ಕಿಗೆ ಚಹಾದ ಡಿಕಾಕ್ಷನ್ ಬಳಿದು ಬಿಸಿಲಿಗಿಟ್ಟು, ಅರವತ್ತಾರರಿಂದ ಎಪ್ಪತ್ತಾರರವರೆಗೆ, ದಿನಕ್ಕೊಂದು ಸಾಲು: 'ಹೊರಟಿತು, ತಲುಪಿತು, ತಿರುಗಿ ಬಂದಿತು.' ದೀಪಾವಳಿಗೂ ಬಿಡಲಿಲ್ಲ, ಪಂಚಮಿಗೂ ಬಿಡಲಿಲ್ಲ. ಬರೆದು ಬರೆದು ಹೆಬ್ಬೆರಳು ಬಾತುಕೊಂಡಿತು.

ಕೊನೆಗೆ ಒಂದು ಅನುಮಾನ ಕಾಡಿತು. ದೇವೀಂದ್ರಪ್ಪನೂ ತನ್ನ ಬಸ್ಸು ಅದೇ ದಾರಿಯಲ್ಲಿ ಓಡಿತ್ತು ಎಂದುಬಿಟ್ಟರೆ? ಮಾಸ್ತರರು ನಕ್ಕು, ರ್‍ಯಾಲಿಗೆ ಕೊಡಬೇಕಾದ ಚರಿತ್ರೆಯ ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಆ ಹತ್ತು ವರ್ಷ ಕಮಲಾಪುರದ ದಾರಿಯಲ್ಲಿ ಓಡಿದ್ದು ಇದೊಂದೇ ಬಸ್ಸು, ಒಂದು ದಿನವೂ ತಪ್ಪಿಲ್ಲ.' ಅಡಿಗೆ ಕೆಂಪು ಗೆರೆ ಎಳೆದು ಪೆನ್ನು ಮುಚ್ಚಿದರು. ಎಲ್ಲ ಬಾಗಿಲೂ ಭದ್ರ.

ರ್‍ಯಾಲಿಯ ದಿನ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಪದ್ಮಜಾಬಾಯಿ ಐದೂ ಡಬ್ಬಿಗಳಲ್ಲಿ ಬುತ್ತಿ ಕಟ್ಟಿಕೊಂಡು, ಇದು ಬಸ್ಸಿನ ಕೊನೆಯ ಸವಾರಿ ಎಂಬ ನಂಬಿಕೆಯಲ್ಲಿ ಮುಂದಿನ ಸೀಟಿನಲ್ಲೇ ಕುಳಿತರು. ಕಮಲಾಪುರದ ಮಂದಿ ಕೆಂಪು ಬಾಳೆಗೊನೆ ಕೊಟ್ಟು ಎದುರುಗೊಂಡರು. ಮಾಸ್ತರರು ಬೋರ್ಡು ತೋರಿಸಿ, ದಿನಚರಿ ಓದಿ, ಕೊನೆಯ ಸಾಲನ್ನು ಎರಡು ಸಲ ಹೇಳಿದರು. ತಮ್ಮೂರಿನ ಬಸ್ಸೆಂದು ಜನ ಸಿಳ್ಳೆ ಹೊಡೆದರು. ಚರಿತ್ರೆಗೆ ಐವತ್ತಕ್ಕೆ ಐವತ್ತು! ಹಿತ್ತಾಳೆ ಗಂಟೆ ಕೈಗೆ ಬಂದಾಗ ಮಾಸ್ತರರ ಕಣ್ಣು ತುಂಬಿ ಬಂತು. ಪದ್ಮಜಾಬಾಯಿಯ ಮುಖದಲ್ಲೂ, ಮೊದಲ ಸಲ, ಆ ಬಸ್ಸಿನ ಬಗ್ಗೆ ಅಭಿಮಾನ ಕಂಡಿತು.

ಆಗ ಮೈಕ್ ಊರವರ ಕೈಗೆ ಹೋಯಿತು. ಎಪ್ಪತ್ತು ದಾಟಿದ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಭೀಮಬಾಯಿ ಎಂದು ಹೆಸರು ಹೇಳಿದಳು.

"ಆವಾಗ ಈ ದಾರ್‍ಯಾಗ ಇದೊಂದೇ ಬಸ್ಸ ಇತ್ತೇನ್ರಿ, ಮಾಸ್ತರ?"

"ಇದೊಂದೇ ನೋಡವ್ವ!"

"ಎಪ್ಪತ್ತನೇ ಇಸವಿ ಪಂಚಮಿ ದಿನಾನೂ ಓಡಿತ್ತೇನ್ರಿ?"

ಮಾಸ್ತರರು ಉತ್ಸಾಹದಿಂದ ದಿನಚರಿಯ ಪುಟ ತೆರೆದು ಬೆರಳಿಟ್ಟು ತೋರಿಸಿದರು. "ಓಡ್ಯಾದ! ದೇವರಾಣಿ!"

ಭೀಮಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಲಗ್ನಾದ ವರ್ಷ ಅದು. ಅವತ್ತು ತವರಮನ್ಯಾಗ ನನಗ ಕೊಟ್ಟಿದ್ದ ಎಮ್ಮಿಗಿ ಬಸ್ಸ ಬಡಿದು ಎಮ್ಮಿ ಸತ್ತಿತು, ಬಸ್ಸ ನಿಂದರದ ಹೋತು. ಹಿಂದಿನಿಂದ ಓಡಿದೆ, ಧೂಳಷ್ಟೇ ಕಂಡಿತು. ಬಸ್ಸ ಬಡಿದಿದ್ದು ಸುಳ್ಳು, ನಾನೇ ಎಮ್ಮಿ ಕಾಯದ ಕಳದೀನಿ ಅಂತ ನಮ್ಮತ್ತಿ ಸಾಯೋತನಕಾ ಅಂದ್ಲು. ಕಡೀಗೂ ನೀವೇ ಸಾಕ್ಷಿ ತಂದ್ರಿ, ಯಪ್ಪಾ. ನನ್ನ ಎಮ್ಮಿ ಕೊಡ್ರಿ. ಆ ಗಂಟಿ ಅದರ ಕೊಳ್ಳಾಗ ಕಟ್ಟತೀನಿ."

ಊರಿನ ಹಿರಿಯರು ಒಂದೇ ಮಾತಿನಲ್ಲಿ ಮುಗಿಸಿದರು: ಎಮ್ಮೆ ಬರುವವರೆಗೆ ಬಸ್ಸು ಇಲ್ಲೇ ಇರಲಿ. ಯಾರೋ ಹಗ್ಗ ತಂದು ಬಸ್ಸನ್ನು ಬೇವಿನ ಮರಕ್ಕೆ ಕಟ್ಟಿಯೇಬಿಟ್ಟರು. "ಮಾಸ್ತರ, ಹಾಲು ಕರಿಯೋ ಎಮ್ಮಿ ಬೇಕಾದ್ರ ಹೇಳ್ರಿ, ನಮ್ಮ ಮಂದಿ ಅದಾರ" ಎಂದು ದೇವೀಂದ್ರಪ್ಪ ಬಹಳ ಮರ್ಯಾದೆಯಿಂದ ಹೇಳಿದ. ಪದ್ಮಜಾಬಾಯಿ ಬಸ್ಸಿನಿಂದ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದರು.

ಇನ್ನು ಮಾನ ಹೋದರೂ ಸರಿ, ಬಸ್ಸು ಉಳಿಯಲಿ ಎಂದು ಮಾಸ್ತರರು ಬುರ್ಹಾನುದ್ದೀನ್ ಸಾಹೇಬರ ಕೈ ಹಿಡಿದು ಎಲ್ಲವನ್ನೂ ಒಪ್ಪಿಕೊಂಡರು: ಬೋರ್ಡು ಸುಳ್ಳು, ದಿನಚರಿ ಸುಳ್ಳು, ಈ ಬಸ್ಸು ಕಾರ್ಖಾನೆಯ ಗೇಟು ದಾಟಿದ್ದೇ ಇಲ್ಲ. ಸಾಹೇಬರು ಬೇಸರದಿಂದ ತಲೆಯಾಡಿಸಿದರು. "ಛೇ, ಮಾಸ್ತರ! ಒಂದು ಎಮ್ಮಿ ತಪ್ಪಿಸ್ಕೊಳ್ಳಾಕ ಇಂಥ ಚರಿತ್ರಾನೇ ಸುಳ್ಳಂತೀರೇನ್ರಿ? ಕಾರ್ಖಾನೆದ ಬಸ್ಸಂದ್ರ ಅದರ ಕಾಗದ ತೋರಸ್ರಿ, ಈಗೇ ಬಿಡಸ್ತೀನಿ." ಆ ಒಂದೇ ಒಂದು ಕಾಗದ ಬಚ್ಚಲಿನ ಒಲೆಯಲ್ಲಿ ಬೂದಿಯಾಗಿತ್ತು, ಮತ್ತು ಅದರಿಂದ ಕಾದ ನೀರಿನಲ್ಲಿ ಅವರು ಅಂದು ಹಾಡು ಗುನುಗುತ್ತ ತಲೆಗೆ ಸ್ನಾನ ಮಾಡಿದ್ದರು.