ಕಂಚಿನ ಆನೆಯ ನರಳಾಟ

ಬಹಳ ಕಾಲದ ಹಿಂದಿನ ಮಾತು. ಏಳು ಬೆಟ್ಟಗಳಾಚೆ ಕಂದರಪುರವೆಂಬ ರಾಜ್ಯವಿತ್ತು. ಅಲ್ಲಿನ ದೊರೆ ಮಣಿಕಂಧರನಿಗೆ ಬೆಟ್ಟದ ನೆತ್ತಿಯ ಮೇಲೆ ಈಜಬೇಕೆಂಬ ಆಸೆ ಹುಟ್ಟಿತು. ಈಜುಕೊಳವನ್ನೇನೋ ಕಟ್ಟಿಸಿದ, ನೀರು ಮೇಲೇರಲಿಲ್ಲ. ಆಗ ಬೂದಿಕಣ್ಣನೆಂಬ ಮಾಂತ್ರಿಕ ಬಂದು ಕೊಳದ ದಡದಲ್ಲಿ ಕಂಚಿನ ಆನೆಯೊಂದನ್ನು ಮಾಡಿಸಿ ನಿಲ್ಲಿಸಿದ. ಅದು ಬೆಟ್ಟದ ಬುಡದ ಮಡುವಿಗೆ ಸೊಂಡಿಲು ಇಳಿಬಿಟ್ಟು, ನೀರು ಹೀರಿ ಕೊಳಕ್ಕೆ ಉಗುಳುತ್ತಿತ್ತು.

ಆನೆಯ ಎರಕ ಹೊಯ್ದವನು ಮಾಚೋಜ. ಕೆಲಸ ಮುಗಿದ ದಿನವೇ ಅವನು ಕಾಣೆಯಾದ. “ಅರಮನೆಯ ಕಂಚು ಕದ್ದು ಓಡಿಹೋದ” ಎಂದ ಬೂದಿಕಣ್ಣ. ಊರು ನಂಬಿತು. ಹೆಂಡತಿ ಸಂಕವ್ವ ನಂಬಲಿಲ್ಲ.

ಮೂರು ತಿಂಗಳು ಕಳೆಯುವಷ್ಟರಲ್ಲಿ ಆನೆ ಸದ್ದು ಮಾಡತೊಡಗಿತು. ಗೊರಗೊರ, ಬುಸುಬುಸು, ಅದರಡಿಯಲ್ಲಿ ಒಂದು ನರಳಾಟ. ಕೂಸುಗಳು ನಿದ್ದೆ ಬಿಟ್ಟವು, ಹಸುಗಳು ಹಾಲು ಬಿಡಲಿಲ್ಲ. ಸರಿಪಡಿಸಲು ಹೋಗಿ ಸೋತ ಇಬ್ಬರು ಕಂಚುಗಾರರ ತಲೆಗಳು ಕೋಟೆ ಬಾಗಿಲಲ್ಲಿ ತೂಗಿದವು.

ಕುಲುಮೆಯ ಮುಂದೆಯೇ ಬೆಳೆದ ಸಂಕವ್ವ ಸುತ್ತಿಗೆ ಹಿಡಿದು ದೊರೆಯ ಮುಂದೆ ನಿಂತಳು.

“ಸಂಜೆಯೊಳಗೆ ಸದ್ದು ನಿಲ್ಲಬೇಕು. ಇಲ್ಲವಾದರೆ ನಿನ್ನ ತಲೆಯೂ ಅಲ್ಲಿಗೇ” ಎಂದ ದೊರೆ.

“ಆಗಲಿ ಮಹಾಸ್ವಾಮಿ.”

ಮೊದಲು ಅವಳು ಮಡುವಿಗೆ ಇಳಿದಳು. ಸೊಂಡಿಲ ತುದಿಯ ಜಾಲರಿಗೆ ಪಾಚಿ, ಕೊಳೆತ ಎಲೆ ಮೆತ್ತಿಕೊಂಡಿತ್ತು. ಅಲ್ಲೊಂದು ಕಬ್ಬಿಣದ ಚಿಪ್ಪಿನ ಆಮೆ ಕಾವಲಿತ್ತು. “ಒಂದು ಬೆರಳು ಕೊಟ್ಟರೆ ಬಿಡುತ್ತೇನೆ” ಎಂದಿತು. ಸಂಕವ್ವ ಎಡಗೈಯ ಕಿರುಬೆರಳು ಚಾಚಿದಳು. ಆಮೆ ಕಡಿದು ನುಂಗಿತು. ಅವಳು ಜಾಲರಿಗೆ ಮೆತ್ತಿದ್ದನ್ನೆಲ್ಲ ಬಳಿದು ತೆಗೆದಳು. ಗೊರಗೊರ ನಿಂತಿತು.

ಬುಸುಬುಸು ನಿಲ್ಲಲಿಲ್ಲ. ಅವಳು ಸೊಂಡಿಲಗುಂಟ ಹತ್ತಿದಳು. ನಡುಬೆಟ್ಟದಲ್ಲಿ ಸೊಂಡಿಲ ಕೊಳವೆಯ ಬೆಸುಗೆ ಬಿಟ್ಟು ಗಾಳಿ ಒಳಗೆ ನುಗ್ಗುತ್ತಿತ್ತು. ಬಿರುಕಿನ ಮೇಲೆ ಬಿಳಿಯ ಸರ್ಪವೊಂದು ಸುತ್ತಿಕೊಂಡಿತ್ತು.

“ಇಲ್ಲಿ ಸುಳಿಯುವ ಗಾಳಿಯೇ ನನ್ನ ಊಟ. ಇದನ್ನು ಮುಚ್ಚಿದರೆ ನಾನೇನು ಕುಡಿಯಲಿ?” ಎಂದಿತು ಸರ್ಪ.

“ನನ್ನ ಉಸಿರು ಕುಡಿ.”

ಸರ್ಪ ಹತ್ತು ವರ್ಷದ ಉಸಿರನ್ನು ಒಂದೇ ಗುಟುಕಿಗೆ ಕುಡಿದು ಹರಿದುಹೋಯಿತು. ಸಂಕವ್ವನ ಕೂದಲು ಬೆಳ್ಳಗಾಯಿತು. ಆ ಜಡೆಯನ್ನೇ ಕತ್ತರಿಸಿ, ಮೇಣದಲ್ಲಿ ಅದ್ದಿ, ಬಿರುಕಿಗೆ ಬಿಗಿಯಾಗಿ ತುರುಕಿದಳು. ಬುಸುಬುಸು ನಿಂತಿತು.

ಈಗ ನರಳಾಟವೊಂದೇ ಉಳಿದಿತ್ತು. ಕೊಳದ ದಡಕ್ಕೆ ಬಂದು ಆನೆಯ ಹೊಟ್ಟೆಗೆ ಕಿವಿಯಿಟ್ಟಳು. ಜ್ವರ ಬಂದಾಗ ಮಾಚೋಜ ಹೀಗೆಯೇ ನರಳುತ್ತಿದ್ದ.

ಬೂದಿಕಣ್ಣ ಅಡ್ಡ ನಿಂತ. “ಇಷ್ಟು ಸಾಕು. ಹೊಟ್ಟೆ ತೆರೆದರೆ ಆನೆ ಸಾಯುತ್ತದೆ.”

“ಸದ್ದು ನಿಲ್ಲಿಸು ಅಂತ ದೊರೆಯ ಅಪ್ಪಣೆ. ಇನ್ನೂ ನಿಂತಿಲ್ಲ.”

ಕೊಳದ ಬಳಿಯೇ ಕಾದಿದ್ದ ದೊರೆ ಒಂದು ಗಳಿಗೆ ಕಿವಿಗೊಟ್ಟು ಕೇಳಿದ. “ತೆರೆಯಲಿ” ಎಂದ.

ಸಂಕವ್ವ ಆನೆಯ ಹೊಟ್ಟೆಗಿದ್ದ ಬಾಗಿಲು ಕಿತ್ತಳು. ಒಳಗೆ ಮಾಚೋಜ ಮಲಗಿದ್ದ. ಅರ್ಧ ಮೈ ಕಂಚಾಗಿತ್ತು. ನೀರೆತ್ತುವ ಚಕ್ರದ ಅಚ್ಚು ಅವನ ಪಕ್ಕೆಲುಬುಗಳ ನಡುವೆ ತಿರುಗುತ್ತಿತ್ತು. ಚಕ್ರದ ಒಂದೊಂದು ಸುತ್ತಿಗೂ ಅವನ ಆಯುಸ್ಸಿನ ಒಂದೊಂದು ದಿನ ಮಾಂತ್ರಿಕನ ಮೈ ಸೇರುತ್ತಿತ್ತು.

“ಸಂಕಿ, ಹೊರಗೆ ತೆಗೆದರೆ ನಾನು ಉಳಿಯಲ್ಲ” ಎಂದ ಮಾಚೋಜ.

“ಹಾಗಾದರೆ ಏನು ಮಾಡಲಿ ಹೇಳ್ರಿ.”

“ತೆಗಿ. ಸಾಕಾಗಿದೆ.”

ಅವಳು ಕಣ್ಣೊರೆಸಿಕೊಳ್ಳಲಿಲ್ಲ. ಅಚ್ಚಿನ ಕೀಲಿಗೆ ಮೂರು ಪೆಟ್ಟು ಹೊಡೆದಳು. ಚಕ್ರ ನಿಂತಿತು. ಕದ್ದ ಆಯುಸ್ಸೆಲ್ಲ ಕಳಚಿ, ಬೂದಿಕಣ್ಣ ನಿಂತಲ್ಲೇ ಮುನ್ನೂರು ವರ್ಷದ ಮುದುಕನಾಗಿ ಪುಡಿಯಾಗಿ ಉದುರಿದ. ಗಂಡನನ್ನು ಅವಳು ಎಳೆದು ತೊಡೆಯ ಮೇಲೆ ಮಲಗಿಸಿಕೊಂಡಳು. ಕಂಚು ಕರಗಿ ಮೈ ಮತ್ತೆ ಮೆತ್ತಗಾಯಿತು. “ಎಷ್ಟು ನಿಶ್ಶಬ್ದ” ಎಂದು ಹೇಳಿ ಅವನು ಕಣ್ಣು ಮುಚ್ಚಿದ.

ದೊರೆ ತಲೆ ತಗ್ಗಿಸಿದ. “ತಾಯಿ, ನಿನಗೇನು ಬೇಕು ಕೇಳು.”

“ಇವರನ್ನು ಕಳ್ಳ ಅಂದರು. ಊರೆಲ್ಲ ನೋಡುವ ಹಾಗೆ ನೀವು ಹೆಗಲು ಕೊಡಿ.”

ಮಣಿಕಂಧರ ಕಿರೀಟ ತೆಗೆದಿಟ್ಟು ಚಟ್ಟಕ್ಕೆ ಹೆಗಲು ಕೊಟ್ಟ. ಬರಿಗಾಲಲ್ಲಿ ಬೆಟ್ಟ ಇಳಿದ. ಕೋಟೆ ಬಾಗಿಲಲ್ಲಿದ್ದ ಎರಡು ತಲೆಗಳನ್ನು ತಾನೇ ಇಳಿಸಿ, ಮೂವರಿಗೂ ಒಟ್ಟಿಗೆ ಮಣ್ಣು ಹಾಕಿದ. ಆ ಕೊಳದಲ್ಲಿ ಮತ್ತೆ ಯಾರೂ ಈಜಲಿಲ್ಲ.

ಅಂದಿನಿಂದ ಕೂಸುಗಳು ಕಣ್ತುಂಬ ನಿದ್ದೆ ಮಾಡಿದವು, ಹಸುಗಳು ಬಿಂದಿಗೆ ತುಂಬ ಹಾಲು ಕರೆದವು. ಕಂದರಪುರದವರು ನೂರು ಕಾಲ ಸುಖವಾಗಿ ಬಾಳಿದರು. ಸಂಕವ್ವನೂ ಬಾಳಿದಳು.