ಅಕ್ಷರದ ತಲೆಯ ಮೇಲಿನ ಅಲೆ

"ನಮ್ಮಮ್ಮನ ದನಿ ಯಾರಿಗೆ ಮಾರ್ಕೊಂಡ್ರಿ?"

ಬಾಗಿಲು ದೂಡಿಕೊಂಡು ಬಂದ ಲಿಡುವಿನಾಳ ಕೂಗಿಗೆ ಯಗ್ವರೋನ್ ಊರಿನ ಗ್ವಾರನಿ ಭಾಷಾ ಕೇಂದ್ರದ ಆ ಪುಟ್ಟ ಕೋಣೆಯೇ ಬೆಚ್ಚಿಬಿತ್ತು. ಕಂಪ್ಯೂಟರಿನ ಮುಂದಿದ್ದ ಒವಿದಿಯೊ ಎದ್ದುನಿಂತ.

"ಮಾರ್ಕೊಂಡ್ನಾ? ನಾನಾ?"

"ಮತ್ತಿನ್ಯಾರು! ಗ್ರಂಥಾಲಯದ ಕಂಪ್ಯೂಟರಲ್ಲಿ ನಿಮ್ಮ ಸಂಗ್ರಹ ಹುಡುಕ್ದೆ. ಅಮ್ಮನ ಹೆಸ್ರು, ಸಬೀನಾ ಇಬಾಞೆಸ್ ಅಂತ ಹೊಡ್ದೆ. 'ಇಲ್ಲ' ಅಂತು. ಮೂರು ಸಲ!"

ಎರಡು ವರ್ಷದ ಹಿಂದೆ ಇವನು ಮೂರು ಶನಿವಾರ ಅವರ ಅಂಗಳದ ಮಾವಿನಡಿ ಕೂತು, ಅವಳ ತಾಯಿಯ ಜೋಗುಳಗಳನ್ನು ಧ್ವನಿಮುದ್ರಿಸಿಕೊಂಡಿದ್ದ. ಹೆಸರಿನ ಸಮೇತ ಜೋಪಾನ ಮಾಡುತ್ತೇನೆ ಎಂದಿದ್ದ. ಆ ಮೂರು ಶನಿವಾರಗಳಲ್ಲಿ ಲಿಡುವಿನಾಳ ಮನಸ್ಸೂ ಅವನ ಜೊತೆ ಹೊರಟುಹೋಗಿತ್ತು... ಈಗ ತಾಯಿ ಇಲ್ಲ. ಮನೆಯಲ್ಲಿ ಆ ದನಿಯ ಇನ್ನೊಂದು ಪ್ರತಿಯೂ ಇಲ್ಲ.

'ಇಂಥವನನ್ನು ನಂಬಿದೆನಲ್ಲಾ!'

ಒವಿದಿಯೊ ಕಂಪ್ಯೂಟರಿನತ್ತ ತಿರುಗಿ ಒಂದು ಕಡತ ತೆರೆದ. ಒಂದು ಗುಂಡಿ ಒತ್ತಿದ.

ಕೆಮ್ಮು. ಆಮೇಲೆ, "ಲಿಡೂ, ಕೋಳಿ ಒಳಗೆ ಬಂತು ನೋಡೇ! ಎಲ್ಲಿ ಹಾಳಾಗ್ಹೋದ್ಲು ಇವ್ಳು..." ಅದರ ಹಿಂದೆಯೇ ಜೋಗುಳ.

ಲಿಡುವಿನಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತಳು. ಅಮ್ಮ ಬೈದದ್ದು ಅವಳಿಗೆ ಎಂದೂ ಇಷ್ಟು ಹಿತವಾಗಿರಲಿಲ್ಲ.

"ಇದ್ದೂ ಯಾಕೆ ಸಿಗ್ಲಿಲ್ಲ?" ಎಂದಳು.

ಅವನು ಅವಳಂತೆಯೇ ಹೆಸರು ಹೊಡೆದು ನೋಡಿದ. 'ಇಲ್ಲ.' ಅವನ ಕಿವಿ ಕೆಂಪಾಯಿತು.

"ತಪ್ಪು ನಂದೇ. ಇಬಾಞೆಸ್‌ನಲ್ಲಿ 'ಞ' ಬರೆಯೋಕೆ 'ನ' ಅಕ್ಷರದ, ಅಂದ್ರೆ n ಮೇಲೊಂದು ಅಲೆಯಂಥ ಗೆರೆ ಬರುತ್ತಲ್ಲ, ñ ಅಂತ? ಆ ಅಲೆ ಸಮೇತ ಅಕ್ಷರಕ್ಕೆ ಕಂಪ್ಯೂಟರಲ್ಲಿ ಒಂದೇ ಸಂಖ್ಯೆ. ನಮ್ಮ ಗ್ವಾರನಿಯ ಅಲೆ ಹೊತ್ತ 'ಗ'ಗೆ ಆ ಭಾಗ್ಯ ಇಲ್ಲ. 'ಗ' ಬರ್ದು, ಅಲೇನ ಬೇರೆಯಾಗಿ ಕೂರಿಸ್ಬೇಕು. ಎಲ್ಲಕ್ಕೂ ಒಂದೇ ನ್ಯಾಯ ಇರ್ಲಿ ಅಂತ ನಾನು 'ನ'ಗೂ ಬಿಡಿ ಅಲೇನೇ ಕೂರಿಸ್ದೆ. ಕಣ್ಣಿಗೆ ವ್ಯತ್ಯಾಸ ಇಲ್ಲ. ಆದ್ರೆ ಕಂಪ್ಯೂಟರು ನೋಡೋದು ಸಂಖ್ಯೆ. ಅದಕ್ಕೆ ಒಂದು ಸಂಖ್ಯೆಯ ಅಕ್ಷರ ಬೇರೆ, ಎರಡು ಸಂಖ್ಯೆಯದು ಬೇರೆ; ನೀವು ಹೊಡ್ದಿದ್ದು ಒಂದರದ್ದು, ನಾನು ಇಟ್ಟಿದ್ದು ಎರಡರದ್ದು."

"ಅಂದ್ರೆ, ಟೋಪೀನ ತಲೆಗೇ ಹೊಲ್ಕೊಂಡೋನು ಒಬ್ಬ, ಬರೀ ಮೇಲೆ ಇಟ್ಕೊಂಡೋನು ಇನ್ನೊಬ್ಬ?"

"ಅಯ್ಯೋ, ಅಷ್ಟೇ ಕಣ್ರೀ!"

"ಅಷ್ಟಕ್ಕೆ ನಮ್ಮಮ್ಮನ್ನ ಕಳೆದಿದ್ರಾ, ಪುಣ್ಯಾತ್ಮ!"

ಹುಡುಕುವ ಮುಂಚೆ ಎರಡು ಬಗೆಯನ್ನೂ ಒಂದೇ ರೂಪಕ್ಕೆ ತರುವಂತೆ ಅವನು ಕೂತಲ್ಲೇ ಸರಿಪಡಿಸಿದ. ಅರ್ಧ ಗಂಟೆ ಹಿಡಿಯಿತು. ಆಮೇಲೆ ಹೊಡೆದರೆ... ಸಬೀನಾ ಇಬಾಞೆಸ್ ಬಂದಳು! ಅಲೆ ಹೊತ್ತ ಬೇರೆ ಹೆಸರುಗಳನ್ನೂ ಹೊಡೆದು ನೋಡಿದರು. ಪೆಞಾ ಮನೆಯ ಅಜ್ಜಿ, ಅಕುಞಾ ತಾತ, ಹೀಗೆ ಹನ್ನೊಂದು ಜನ ಎದ್ದು ಬಂದರು.

"ಇವರ ಮಕ್ಕಳೂ ಹುಡುಕಿರ್ತಾರೆ. ಸಿಗದೆ ಸುಮ್ನೆ ಹೋಗಿರ್ತಾರೆ," ಎಂದ ಒವಿದಿಯೊ ಮೆಲ್ಲಗೆ. "ನೀವೊಬ್ರೇ ಬೈಯೋಕೆ ಬಂದ್ರಿ. ದೊಡ್ಡ ಉಪಕಾರ ಆಯ್ತು."

"ಉಪಕಾರ ನಿಮ್ದು. ಅಮ್ಮನ್ನ ಇಟ್ಕೊಂಡಿದ್ರಲ್ಲ..." ಅವಳು ಕಣ್ಣೊರೆಸಿಕೊಂಡಳು. "ಎರಡು ವರ್ಷ ಆದ್ರೂ ನಮ್ಮನೆ ಕಡೆ ಯಾಕೆ ಬರ್ಲಿಲ್ಲ?"

"ಅಮ್ಮ ಹೋದ್ಮೇಲೆ ಯಾವ ಕಾರಣ ಹೇಳ್ಕೊಂಡು ಬರ್ಲಿ? ಎರಡು ಸಲ ಗೇಟ್ ತನಕ ಬಂದು ವಾಪಸ್ ಹೋದೆ. ನಾನು ಬರ್ಬೇಕು ಅನ್ಕೊಂಡಿದ್ದು ನಿಮ್ಮನ್ನ ನೋಡೋಕೆ, ಲಿಡುವಿನಾ."

"ಅದು ಕಾರಣ ಅಲ್ವಾ?!"

 ಅವನು ಕೊಂಬಿನ ಲೋಟದ ಎಲೆಯ ಮೇಲೆ ತಣ್ಣೀರು ಹುಯ್ದು, ಚಹಾದಂತೆ ಹಂಚಿ ಕುಡಿಯುವ ತೆರೆರೆಯನ್ನು ಅವಳ ಕೈಗಿಟ್ಟ. ಅವಳು ಕೊಳವೆಯಲ್ಲಿ ಹೀರಿ, ಏನೂ ಅನ್ನದೆ ಖಾಲಿ ಲೋಟ ಚಾಚಿದಳು.

"ಥ್ಯಾಂಕ್ಸ್ ಅನ್ನಲ್ವಾ?"

"ತೆರೆರೆ ಕುಡಿಯೋವಾಗ ಥ್ಯಾಂಕ್ಸ್ ಅಂದ್ರೆ ಸಾಕು ಅಂತ ಅರ್ಥ, ಇನ್ನು ಕೊಡಲ್ಲ ನೀವು. ಸುಮ್ನೆ ಹುಯ್ಯಿ, ಒವಿದಿಯೊ... ನಂಗೆ ಇನ್ನೂ ಬೇಕು."