ಸಾಗರ ದಾಟಬಾರದ ಪಿಸ್ತೂಲು

ಒಸಾಕಾಗೆ ಹೊರಡಬೇಕಿದ್ದ ವಿಮಾನದ ಕ್ಯಾಪ್ಟನ್ ಚೀಲದಲ್ಲಿ ಪಿಸ್ತೂಲು ಸಿಕ್ಕಿತು. ಬೆಳಿಗ್ಗೆ ಒಂಬತ್ತು ಗಂಟೆ. ಹೊನೊಲುಲು ವಿಮಾನನಿಲ್ದಾಣದ ಪೊಲೀಸ್ ಠಾಣೆಯಲ್ಲಿ ನಾನು ಬೂಟು ಬಿಚ್ಚಿ ಕಾಲು ನೀವಿಕೊಳ್ಳುತ್ತಿದ್ದೆ. ಇಪ್ಪತ್ತಾರು ವರ್ಷ ಪತ್ತೇದಾರಿಕೆ ಮಾಡಿದವಳಿಗೆ ಮೊದಲು ಕೈಕೊಡುವುದು ತಲೆಯಲ್ಲ, ಮಂಡಿ. ಮತ್ತೆ ಬೂಟು ಹಾಕಿದೆ.

ಪಿಸ್ತೂಲು ಕ್ಯಾಪ್ಟನ್ ಎಲ್ಮರ್ ನಿಶಿಹಾರಾ ಅವರದ್ದೇ. ಕಾಕ್‌ಪಿಟ್ ಕಾಯಲೆಂದು ಸರ್ಕಾರವೇ ತರಬೇತಿ ಕೊಟ್ಟು ಕೈಗಿತ್ತದ್ದು. ದೇಶದೊಳಗೆ ಹಾರುವಾಗ ಸೊಂಟದಲ್ಲಿರಬಹುದು. ಹೊರದೇಶಕ್ಕಾದರೆ ಪೈಲಟ್‌ಗಳ ಕೋಣೆಯ ಉಕ್ಕಿನ ಪೆಟ್ಟಿಗೆಯಲ್ಲಿ ಬಿಟ್ಟೇ ಹೋಗಬೇಕು. ಅದರೊಂದಿಗೆ ಒಸಾಕಾದಲ್ಲಿ ಇಳಿದಿದ್ದರೆ ಜೈಲು. ಇಲ್ಲೇ ಸಿಕ್ಕಿದರೂ ಕೆಲಸ ಹೋಗುತ್ತದೆ.

ಹೆಸರು ಹೇಳದೆ ಫೋನ್ ಮಾಡಿ ಯಾರೋ ತಿಳಿಸಿದ್ದರು.

"ಬೇಕಂತ್ಲೇ ಯಾರೋ ಇಟ್ಟಿದಾರೆ, ಲೊಕೆಲಾನಿ," ಅಂದರು ನಿಶಿಹಾರಾ. ಅರವತ್ಮೂರು ವರ್ಷ, ಇಸ್ತ್ರಿ ಕೆಡದ ಬಿಳಿ ಅಂಗಿ. "ಎಂಟೂ ಹತ್ತಕ್ಕೆ ಪೆಟ್ಟಿಗೆ ತೆಗ್ದೆ. ಪಾಸ್‌ಪೋರ್ಟ್ ತಗೊಂಡೆ, ಪಿಸ್ತೂಲು ಇಟ್ಟೆ. ಒಂದು ಹೊರಗೆ ಬಂದ್ರೆ ಇನ್ನೊಂದು ಒಳಗೆ. ಹನ್ನೆರಡು ವರ್ಷದಿಂದ ಇದೇ ಪದ್ಧತಿ."

"ಕೀಲಿ?"

ಕುತ್ತಿಗೆಯ ಸರ ಎಳೆದು ತೋರಿಸಿದರು. "ಸ್ನಾನಕ್ಕೂ ತೆಗೆಯಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಡುಫ್ರೇನ್. ಕುಡ್ದು ಡ್ಯೂಟಿಗೆ ಬಂದಿದ್ದ, ನಾನು ವರದಿ ಕೊಟ್ಟಿದ್ದೆ. ಬೆಳಿಗ್ಗೆ ಅದೇ ಕೋಣೇಲಿದ್ದ."

ಪಕ್ಕದಲ್ಲಿ ಸಹಪೈಲಟ್ ಮಕಾನಿ ಕೌಹಿ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ಹಾರಲು ಕಲಿಸಿದ್ದೇ ನಿಶಿಹಾರಾ. ಈಗಲೂ ದಿನಾ ಅವರ ಊಟದಲ್ಲಿ ಅವನಿಗೊಂದು ಪಾಲು. "ಅಂಕಲ್, ಸ್ವಲ್ಪ ನೀರು ಕುಡೀರಿ," ಅಂದ.

*

ಪೈಲಟ್ ಡುಫ್ರೇನ್‌ನನ್ನು ಕರೆಸಿ ಕೂರಿಸಿದೆ.

"ಅವ್ರನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ, ನಿಜ," ಅಂದ. "ಆದ್ರೆ ಅವ್ರ ಜೊತೆ ಹಾರಿ ನಾಲ್ಕು ವರ್ಷ ಆಯ್ತು. ಅವ್ರ ಚೀಲ ಯಾವ ಬಣ್ಣ ಅಂತಾನೂ ಗೊತ್ತಿಲ್ಲ."

"ಕುಡಿತ?"

"ಬಿಟ್ಟು ಮೂರು ವರ್ಷ. ನೀವಿವತ್ತು ಅರೆಸ್ಟ್ ಮಾಡಿದ್ರೆ ಕೋರ್ಟು ಮಗಳನ್ನ ನೋಡೋಕೂ ಬಿಡಲ್ಲ, ಆಫೀಸರ್. ಅಷ್ಟು ಗೊತ್ತಿರ್ಲಿ."

ಹಗೆ ಇತ್ತು, ಜಾಗದಲ್ಲೂ ಇದ್ದ. ಹಗ್ಗ ಸಿದ್ಧ, ಕುತ್ತಿಗೆಯೂ ಸಿದ್ಧ. ಅವನ ಹೆಸರು ಬರೆದುಕೊಟ್ಟು ಮನೆಗೆ ಹೋಗಬಹುದಿತ್ತು. ಆಸೆಯೂ ಆಯಿತು, ಸುಳ್ಳೇಕೆ ಹೇಳಲಿ? ಆದರೆ ಪೆಟ್ಟಿಗೆಯ ಒಳಗನ್ನು ಇನ್ನೂ ಯಾರೂ ನೋಡಿರಲಿಲ್ಲ.

*

ಕ್ಯಾಪ್ಟನ್ ಕೀಲಿ ಕೊಟ್ಟರು. ಪೆಟ್ಟಿಗೆ ಖಾಲಿ ಇರಲಿಲ್ಲ. ಒಂದು ಕಪ್ಪು ಬಟ್ಟೆಯ ಚೀಲವಿತ್ತು. ಬಿಚ್ಚಿದೆ. ಅನ್ನದ ಗಟ್ಟಿಯ ಮೇಲೆ ಹುರಿದ ಸ್ಪ್ಯಾಮ್ ಮಾಂಸದ ತುಂಡಿಟ್ಟು, ಕಡಲಸೊಪ್ಪು ಸುತ್ತಿದ ಮುಸುಬಿ. ಎರಡು. ಇನ್ನೂ ಬೆಚ್ಚಗಿದ್ದವು.

ಪೆಟ್ಟಿಗೆ ತೆರೆದ ಹೊತ್ತನ್ನೆಲ್ಲ ಅದರ ಬೀಗ ತಾನೇ ದಾಖಲಿಸುತ್ತದೆ. ಹಾಳೆ ತರಿಸಿ ಓದಿದೆ. ಫೋನ್ ಕರೆಯ ಧ್ವನಿಯನ್ನೂ ಎರಡು ಸಲ ಕೇಳಿದೆ. ಬಾಯಿಗೆ ಬಟ್ಟೆ ಹಿಡಿದು ಮಾತಾಡಿದ್ದರು. ಎದ್ದು ಹೋಗಲು ಮನಸ್ಸಿರಲಿಲ್ಲ.

*

ಮೂವರನ್ನೂ ಒಂದೇ ಕೋಣೆಗೆ ಕರೆದೆ. ಮುಸುಬಿಯ ಚೀಲವನ್ನು ಮೇಜಿನ ಮೇಲಿಟ್ಟೆ.

"ಕ್ಯಾಪ್ಟನ್, ಇದು ನಿಮ್ಮ ಪೆಟ್ಟಿಗೇಲಿತ್ತು. ಇವತ್ತು ಅದು ತೆರೆದಿರೋದು ಒಂದೇ ಸಲ, ಎಂಟೂ ಹತ್ತಕ್ಕೆ. ತೆರೆದೋರು ನೀವೇ. ಪಿಸ್ತೂಲು ಕದಿಯೋರು ಇನ್ನೊಂದ್ಸಲ ತೆರೀಬೇಕಿತ್ತು. ತೆರೆದಿಲ್ಲ. ಕದ್ದೋನು ಊಟ ಇಟ್ಟು ಹೋಗ್ತಾನಾ? ಪಿಸ್ತೂಲಿಂದು, ಊಟದ್ದು, ಎರಡೂ ಕಪ್ಪು ಚೀಲ. ಪಾಸ್‌ಪೋರ್ಟ್ ತೆಗೆದ್ರಿ, ಊಟದ ಚೀಲಾನ ಒಳಗಿಟ್ರಿ, ಪಿಸ್ತೂಲಿನ ಚೀಲಾನ ಊಟದ ಜೇಬಿಗೆ ಹಾಕಿದ್ರಿ. ಕೈಗೆ ಪದ್ಧತಿ ನೆನಪಿತ್ತು, ತಲೆಗಿರ್ಲಿಲ್ಲ."

"ಆ ತರ ತಪ್ಪು ನಾನು ಮಾಡಲ್ಲ."

"ಹೋದ ತಿಂಗಳು ಎರಡು ಸಲ ಒಸಾಕಾಗೆ ಹೋದಾಗ, ಐದು ನಿಮಿಷದೊಳಗೆ ಪೆಟ್ಟಿಗೆ ಎರಡೆರಡು ಬಾರಿ ತೆರೆದಿದೆ. ಯಾಕೆ?"

ನಿಶಿಹಾರಾ ನೆನಪಿಸಿಕೊಳ್ಳಲು ನೋಡಿದರು. ಆಗಲಿಲ್ಲ. ಅವರ ಮುಖದಲ್ಲಿ ಹೆದರಿಕೆ ಬಂದದ್ದು ಆಗಲೇ.

"ಫೋನ್ ಮಾಡಿದೋರು ಏನಂದ್ರು ಗೊತ್ತಾ? 'ಕೆಳಗಿನ ಊಟದ ಜೇಬಲ್ಲಿ ನೋಡಿ' ಅಂತ. ಡುಫ್ರೇನ್‌ಗೆ ನಿಮ್ಮ ಊಟದ ಜೇಬು ಹೇಗೆ ಗೊತ್ತಿರುತ್ತೆ? ಆ ಜೇಬಿಂದ ದಿನಾ ಒಂದು ಮುಸುಬಿ ತಿನ್ನೋನು ಬೇರೆ ಇದಾನೆ." ನಾನು ಮಕಾನಿಯ ಕಡೆ ತಿರುಗಲಿಲ್ಲ.

"ನಾನೇ, ಆಂಟಿ," ಅಂದ ಅವನು. ಆಮೇಲೆ ಕ್ಯಾಪ್ಟನ್‌ಗೆ, "ಆ ಎರಡು ಸಲ ಚೀಲ ಅದಲುಬದಲಾಗಿದೆ ಅಂತ ನಾನೇ ಹೇಳ್ದೆ, ಅಂಕಲ್. ನೀವು ನಕ್ಕು ಬದ್ಲಾಯಿಸಿದ್ರಿ. ಮರುದಿನ ಅದೂ ಮರ್ತಿದ್ರಿ. ಡಾಕ್ಟ್ರನ್ನ ನೋಡಿ ಅಂದ್ರೆ ಬೈದ್ರಿ. ಇವತ್ತೂ ಅದನ್ನೇ ನೋಡ್ದೆ, ಹೇಳೋಕೆ ಬಾಯಿ ಬರ್ಲಿಲ್ಲ. ಫೋನ್ ಮಾಡ್ದೆ."

ನಿಶಿಹಾರಾ ಮುಸುಬಿಯ ಚೀಲವನ್ನು ತಮ್ಮ ಕಡೆ ಎಳೆದುಕೊಂಡರು.

"ಮೊದಲ್ನೇ ಸಲವೇ ಯಾಕೆ ಫೋನ್ ಮಾಡ್ಲಿಲ್ಲ?" ನಿಶಿಹಾರಾ ಕೇಳಿದರು.

"ನೀವು ನನ್ನ ಗುರು."

"ಬೆನ್ನ ಹಿಂದೆ ಇನ್ನೂರ ಎಪ್ಪತ್ತು ಜನ ಕೂತಿದ್ರು, ಮಕಾನಿ. ಎರಡು ಸಲ. ನಾನು ಕಲಿಸಿದ್ದು ಇದನ್ನಾ?"

ಹುಡುಗನ ಕಣ್ಣು ತುಂಬಿತು. ನನ್ನದೂ. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ತಪ್ಪಿತಸ್ಥರನ್ನು ಕಂಡಿದ್ದೇನೆ. ತಮ್ಮ ವಿರುದ್ಧ ತಾವೇ ಇಷ್ಟು ಗಟ್ಟಿಯಾಗಿ ವಾದಿಸಿದವರನ್ನು ಕಂಡಿರಲಿಲ್ಲ.

ನಿಶಿಹಾರಾ ಡುಫ್ರೇನ್ ಕಡೆ ತಿರುಗಿದರು. "ನಿನ್ನ ಹೆಸರು ಹೇಳ್ಬಿಟ್ಟೆ. ತಪ್ಪಾಯ್ತು."

ಸರ ಬಿಚ್ಚಲು ಎರಡೂ ಕೈ ಕುತ್ತಿಗೆಯ ಹಿಂದೆ ಹೋದವು. ಕೊಂಡಿ ಸಿಗಲಿಲ್ಲ. ಮಕಾನಿ ಕೂತಲ್ಲಿಂದ ಏಳಲಾರದೆ ಹೋದ.

ಡುಫ್ರೇನ್ ಎದ್ದು ಬಂದು ಕೊಂಡಿ ಬಿಚ್ಚಿದ. ಕೀಲಿಯನ್ನು ನನ್ನ ಮುಂದಿಟ್ಟ. ಆಮೇಲೆ ಕ್ಯಾಪ್ಟನ್ ಪಕ್ಕದ ಕುರ್ಚಿಯಲ್ಲೇ ಕೂತ.